ಟ್ರೈಲರ್ ಕಟ್ಟುವ ಮುನ್ನ: ಮೂಕಿಭಾರದ ಲೆಕ್ಕ



ಅಡಿಕೆ ಕೊಯ್ಲು, ಅದರ ಬೆನ್ನಿಗೇ ಕಾಫಿ ಕೊಯ್ಲು ಬರುವ ತಿಂಗಳುಗಳಲ್ಲಿ ನಮ್ಮ ರಸ್ತೆಗಳಲ್ಲಿ ಟ್ರೈಲರ್ ಕಟ್ಟಿಕೊಂಡು ಓಡಾಡುವ ಪಿಕಪ್ಪು, ಜೀಪುಗಳು ಹೆಚ್ಚುತ್ತವೆ. ಅವುಗಳಲ್ಲಿ ಎಷ್ಟೋ ಗಾಡಿಗಳ ಸ್ಥಿತಿ ದೂರದಿಂದಲೇ ತಿಳಿಯುತ್ತದೆ. ಹಿಂಬದಿ ಕೂತಿರುತ್ತದೆ, ಮೂಗು ಮೇಲೆದ್ದಿರುತ್ತದೆ, ರಾತ್ರಿಯಲ್ಲಿ ದೀಪದ ಬೆಳಕು ರಸ್ತೆಯನ್ನು ಬಿಟ್ಟು ಸಿಲ್ವರ್ ಓಕ್ ಮರಗಳ ನೆತ್ತಿಗೆ ಬೀಳುತ್ತದೆ. ಇದಕ್ಕೆ ವರ್ಕ್‌ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರ ಒಂದೇ: "ಒಂದೆರಡು ಪ್ಲೇಟು ಜಾಸ್ತಿ ಹಾಕ್ಸಿ ಸಾರ್, ಎದ್ದು ನಿಲ್ಲುತ್ತೆ."

ಎದ್ದು ನಿಲ್ಲುವುದು ನಿಜ. ಆದರೆ ಗಾಡಿಯ ಬಾಲ ಎದ್ದಿತೆಂದ ಮಾತ್ರಕ್ಕೆ ಮುಂದಿನ ಚಕ್ರಗಳು ಮೊದಲಿನಂತೆ ನೆಲ ಹಿಡಿದವೆಂದು ಅರ್ಥವಲ್ಲ. ತಿರುವಿನಲ್ಲಿ ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರಗಳು. ಬ್ರೇಕಿನ ಹೆಚ್ಚು ಕೆಲಸ ಮಾಡುವುದೂ ಅವೇ. ಹಿಂಬದಿ ಕೂರುವುದು ರೋಗದ ಲಕ್ಷಣ ಮಾತ್ರ. ರೋಗ ಇರುವುದು ಭಾರದ ಪ್ರಮಾಣದಲ್ಲಿ ಮತ್ತು ಭಾರವನ್ನು ಇಟ್ಟ ಜಾಗದಲ್ಲಿ. ಈ ಲೇಖನದಲ್ಲಿ ಅದನ್ನು ಪತ್ತೆಮಾಡುವ ಹಾಗೂ ಸರಿಪಡಿಸುವ ಕ್ರಮವನ್ನು ವಿವರಿಸಿದ್ದೇವೆ. ಇದಕ್ಕೆ ಬೇಕಾದದ್ದು ಒಂದು ಅಳತೆಯ ಟೇಪು, ಒಂದು ತೂಕದ ಯಂತ್ರ ಮತ್ತು ಅರ್ಧ ದಿನದ ಬಿಡುವು.

ಗಾಡಿ ಹೊಡೆಯುವವರ ವಿದ್ಯೆ

ಎತ್ತಿನ ಗಾಡಿ ಹೊಡೆದು ಗೊತ್ತಿರುವ ಹಿರಿಯರಿಗೆ ಇದು ಹೊಸ ವಿಷಯವಲ್ಲ. ಹೊರೆ ಅಚ್ಚಿನಿಂದ ಮುಂದಕ್ಕೆ ಹೆಚ್ಚಾದರೆ ಗಾಡಿ ಮುಂಭಾರವಾಗಿ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ, ಹೆಗಲು ಹುಣ್ಣಾಗುತ್ತದೆ. ಹೊರೆ ಹಿಂದಕ್ಕೆ ಹೆಚ್ಚಾದರೆ ಗಾಡಿ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ. ಕೊರಳ ಹಗ್ಗ ಎತ್ತುಗಳ ಉಸಿರು ಕಟ್ಟಿಸುತ್ತದೆ. ಆದುದರಿಂದಲೇ ಗಾಡಿಯವನು ಹೊರೆ ಹೇರುವಾಗ ನಡುನಡುವೆ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದ. ತುಸು ಮುಂಭಾರ ಇರಬೇಕು, ಅತಿಯಾಗಬಾರದು ಎಂಬುದು ಅವನ ಸೂತ್ರ.

ಒಂದೇ ಅಚ್ಚಿನ ಟ್ರೈಲರ್ ಎಂದರೆ ಅದೇ ಗಾಡಿ. ಎತ್ತಿನ ಹೆಗಲಿದ್ದ ಜಾಗದಲ್ಲಿ ಪಿಕಪ್ಪಿನ ಕೊಂಡಿ ಇದೆ, ಅಷ್ಟೇ ವ್ಯತ್ಯಾಸ. ಟ್ರೈಲರಿನ ಮೂತಿ ಕೊಂಡಿಯ ಮೇಲೆ ಹಾಕುವ ಭಾರವನ್ನು ಇಲ್ಲಿ 'ಮೂಕಿಭಾರ' ಎಂದು ಕರೆಯುತ್ತೇವೆ. ಎತ್ತಿಗೆ ನೋವಾದರೆ ತಲೆ ಕೊಡವಿ ತಿಳಿಸುತ್ತದೆ. ಪಿಕಪ್ಪು ಹಾಗೆ ತಿಳಿಸುವುದಿಲ್ಲವಾದ್ದರಿಂದ ನಾವೇ ತೂಗಿ ನೋಡಬೇಕು.

ಹಿಂಬದಿ ಕೂರುವುದೇಕೆ?

ಕಲ್ಲು ಎಬ್ಬಿಸುವ ಹಾರೆಯನ್ನು ನೆನೆಯಿರಿ. ಹಾರೆಯ ಕೆಳಗೆ ಒಂದು ಆನಿಕೆ ಕೊಟ್ಟು ಈಚೆಯ ತುದಿಯನ್ನು ಒತ್ತಿದರೆ ಆಚೆಯ ತುದಿ ಏಳುತ್ತದೆ. ಪಿಕಪ್ಪಿನಲ್ಲಿ ಹಿಂದಿನ ಅಚ್ಚೇ ಆ ಆನಿಕೆ. ಕೊಂಡಿ ಅದರ ಹಿಂದಿದೆ, ಮುಂದಿನ ಚಕ್ರಗಳು ಅದರ ಮುಂದಿವೆ. ಕೊಂಡಿಯನ್ನು ಒತ್ತಿದಷ್ಟೂ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗುತ್ತದೆ.

ಇದನ್ನು ಲೆಕ್ಕ ಹಾಕುವುದು ಸುಲಭ. ಪಿಕಪ್ಪಿನ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 10 ಅಡಿ, ಹಿಂದಿನ ಅಚ್ಚಿನಿಂದ ಕೊಂಡಿಗೆ 4 ಅಡಿ ಎಂದಿಟ್ಟುಕೊಳ್ಳೋಣ. ಮೂಕಿಭಾರ 100 ಕಿಲೋ. ಆಗ ಮುಂದಿನ ಚಕ್ರಗಳು ಕಳೆದುಕೊಳ್ಳುವ ಭಾರ 100 × 4 ÷ 10, ಅಂದರೆ 40 ಕಿಲೋ. ಈ 40 ಕಿಲೋ ಎಲ್ಲಿಯೂ ಮಾಯವಾಗುವುದಿಲ್ಲ, ಹಿಂದಿನ ಅಚ್ಚಿಗೆ ಬಂದು ಕೂರುತ್ತದೆ. ಆದುದರಿಂದ ಹಿಂದಿನ ಅಚ್ಚಿನ ಮೇಲೆ ಹೆಚ್ಚಾದದ್ದು 100 ಅಲ್ಲ, 140 ಕಿಲೋ. ಮೂಕಿಭಾರ 250 ಕಿಲೋ ಆದರೆ ಮುಂದೆ 100 ಕಿಲೋ ಕಡಿಮೆ, ಹಿಂದೆ 350 ಕಿಲೋ ಹೆಚ್ಚು.

ಈ ಲೆಕ್ಕದಲ್ಲಿ ಪ್ಲೇಟಿನ ಹೆಸರೇ ಬಂದಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಪ್ಲೇಟು ಗಟ್ಟಿಯಿರಲಿ, ಮೆತ್ತಗಿರಲಿ, ಮುಂದಿನ ಚಕ್ರಗಳು ಕಳೆದುಕೊಳ್ಳುವ ಭಾರ ಅಷ್ಟೇ. ಹೆಚ್ಚಿನ ಪ್ಲೇಟು ಹಾಕಿಸಿದಾಗ ಗಾಡಿ ಮಟ್ಟವಾಗಿ ನಿಂತಂತೆ ಕಾಣುತ್ತದೆ, ಚಾಲಕನಿಗೆ ಧೈರ್ಯ ಬರುತ್ತದೆ, ಹೊರೆ ಇನ್ನಷ್ಟು ಏರುತ್ತದೆ. ಅಪಾಯ ಇರುವುದು ಅಲ್ಲಿಯೇ.

ಮೂಕಿಭಾರ ಎಷ್ಟಿರಬೇಕು?

ಟ್ರೈಲರ್ ಮತ್ತು ಅದರ ಹೊರೆ ಸೇರಿದ ಒಟ್ಟು ತೂಕದ ನೂರಕ್ಕೆ ಹತ್ತರಷ್ಟು ಮೂಕಿಭಾರ ಇರುವುದು ಒಳ್ಳೆಯದು. ಅಮೆರಿಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಎಂಬ ಸೂತ್ರ ಬಳಕೆಯಲ್ಲಿದೆ. 1,000 ಕಿಲೋ ಟ್ರೈಲರಿಗೆ ಸುಮಾರು 100 ಕಿಲೋ ಎಂದು ನೆನಪಿಟ್ಟುಕೊಂಡರೆ ಸಾಕು. ಪಿಕಪ್ಪಿನ ಕೈಪಿಡಿಯಲ್ಲಿ ಅಥವಾ ಕೊಂಡಿಯ ಮೇಲೆ ಇದಕ್ಕಿಂತ ಕಡಿಮೆ ಮಿತಿ ನಮೂದಿಸಿದ್ದರೆ ಆ ಮಿತಿಯನ್ನೇ ಪಾಲಿಸಿ, ಟ್ರೈಲರಿನ ಹೊರೆಯನ್ನು ಅದಕ್ಕೆ ತಕ್ಕಂತೆ ಇಳಿಸತಕ್ಕದ್ದು.

ಹಿಂಬದಿ ಕೂರಬಾರದೆಂದು ಮೂಕಿಭಾರವನ್ನು ಸೊನ್ನೆಗೆ ತರುವುದು ಇನ್ನೂ ದೊಡ್ಡ ತಪ್ಪು. ಮೂಕಿಭಾರ ತೀರಾ ಕಡಿಮೆಯಾದ ಟ್ರೈಲರ್ ಒಂದು ವೇಗದ ನಂತರ ಹಾವಿನಂತೆ ಅತ್ತಿತ್ತ ಓಲಾಡತೊಡಗುತ್ತದೆ. ಹಿಂಭಾರವೇ ಆಗಿಬಿಟ್ಟರೆ ಕೊಂಡಿಯನ್ನು ಮೇಲಕ್ಕೆತ್ತಿ ಪಿಕಪ್ಪಿನ ಹಿಂದಿನ ಚಕ್ರಗಳ ಹಿಡಿತವನ್ನೂ ತಗ್ಗಿಸುತ್ತದೆ. ಕೂತ ಗಾಡಿ ನೋಡುವವರಿಗೆ ಕಾಣುತ್ತದೆ. ಹಿಂಭಾರವಾದ ಟ್ರೈಲರ್ ನಿಂತಾಗ ಅಚ್ಚುಕಟ್ಟಾಗಿ ಕಂಡು ಇಳಿಜಾರಿನಲ್ಲಿ ಕೈಕೊಡುತ್ತದೆ.

ತೂಗುವ ಕ್ರಮ

ಕಾಫಿ, ಅಡಿಕೆ ತೂಗುವ ಹಾಸುಯಂತ್ರವೇ ಇದಕ್ಕೂ ಸಾಕು.

1. ಸಮತಟ್ಟಾದ ನೆಲದಲ್ಲಿ ಹೊರೆ ಹೇರಿದ ಟ್ರೈಲರನ್ನು ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ.

2. ಮೂತಿಯನ್ನು ಜಾಕಿಯಿಂದ ಎತ್ತಿ, ತೂಕದ ಯಂತ್ರದ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಮೂತಿಯನ್ನು ಅದರ ಮೇಲೆ ನಿಧಾನವಾಗಿ ಇಳಿಸಿ. ಕೊಂಡಿಗೆ ಹಾಕಿದಾಗ ಇರುವ ಎತ್ತರದಲ್ಲಿಯೇ ಮೂತಿ ಇರಬೇಕು.

3. ಮರದ ತುಂಡಿನ ತೂಕ ಕಳೆದರೆ ಉಳಿದದ್ದು ಮೂಕಿಭಾರ.

ಮನೆಯಲ್ಲಿ ಸಣ್ಣ ಯಂತ್ರ ಮಾತ್ರ ಇದ್ದರೆ ಒಂದು ಗಟ್ಟಿ ಹಲಗೆ ತೆಗೆದುಕೊಳ್ಳಿ. ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲಿಟ್ಟ ಪೈಪಿನ ತುಂಡಿನ ಮೇಲೆ, ಅಲ್ಲಿಂದ 3 ಅಡಿ ದೂರದಲ್ಲಿ ಇನ್ನೊಂದು ತುದಿ ಯಂತ್ರದ ಮೇಲೆ ಬರಲಿ. ಹಲಗೆಯನ್ನಷ್ಟೇ ಇಟ್ಟಾಗ ಯಂತ್ರ ತೋರಿಸುವ ತೂಕವನ್ನು ಬರೆದಿಟ್ಟುಕೊಳ್ಳಿ. ಪೈಪಿನಿಂದ ಸರಿಯಾಗಿ 1 ಅಡಿ ದೂರದಲ್ಲಿ ಮೂತಿಯನ್ನು ಇಳಿಸಿ. ಈಗ ಬಂದ ತೂಕದಲ್ಲಿ ಮೊದಲಿನದನ್ನು ಕಳೆದು ಮೂರರಿಂದ ಗುಣಿಸಿದರೆ ಮೂಕಿಭಾರ ಸಿಗುತ್ತದೆ.

ಪಟ್ಟಣದ ವೇಬ್ರಿಜ್‌ಗೆ ಹೋಗುವವರು ಇನ್ನೂ ಹೆಚ್ಚು ತಿಳಿಯಬಹುದು. ಮೊದಲು ಟ್ರೈಲರ್ ಇಲ್ಲದೆ ಪಿಕಪ್ಪನ್ನು ತೂಗಿ. ಬಳಿಕ ಟ್ರೈಲರ್ ಕಟ್ಟಿ, ಪಿಕಪ್ಪಿನ ನಾಲ್ಕು ಚಕ್ರಗಳು ಮಾತ್ರ ಹಾಸಿನ ಮೇಲೆ ಬರುವಂತೆ ನಿಲ್ಲಿಸಿ ತೂಗಿ. ಎರಡರ ವ್ಯತ್ಯಾಸವೇ ಮೂಕಿಭಾರ. ಎರಡೂ ಸಲ ಮುಂದಿನ ಚಕ್ರಗಳನ್ನಷ್ಟೇ ಹಾಸಿನ ಮೇಲಿಟ್ಟು ತೂಗಿಸಿದರೆ ಮುಂದೆ ಎಷ್ಟು ಹಗುರವಾಯಿತೆಂಬುದೂ ತಿಳಿಯುತ್ತದೆ. ಬಂದಿರುವಾಗಲೇ ಖಾಲಿ ಟ್ರೈಲರಿನ ತೂಕವನ್ನೂ ಮಾಡಿಸಿ ಅದರ ಪಕ್ಕದ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿಡುವುದು ಲೇಸು.

ದಿನನಿತ್ಯದ ಪರೀಕ್ಷೆಗೆ ಟೇಪು ಸಾಕು. ಮುಂದಿನ ಚಕ್ರದ ನಡುಭಾಗದಿಂದ ನೇರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ, ಹಿಂದಿನ ಚಕ್ರಕ್ಕೂ ಹಾಗೆಯೇ, ಟ್ರೈಲರ್ ಕಟ್ಟುವ ಮೊದಲು ಮತ್ತು ಕಟ್ಟಿದ ಮೇಲೆ ಅಳೆಯಿರಿ. ಸರಿಯಾಗಿ ತೂಗಿ ಹೇರಿದ ದಿನದ ಅಳತೆಗಳನ್ನು ಬರೆದಿಟ್ಟುಕೊಂಡರೆ ಮುಂದೆ ಅವೇ ಮಾನದಂಡ. ಹಿಂಬದಿ ಎಷ್ಟು ಇಳಿಯಿತು ಎಂಬುದಕ್ಕಿಂತ ಮುಂಬದಿ ಎಷ್ಟು ಏರಿತು ಎಂಬುದನ್ನೇ ಮುಖ್ಯವಾಗಿ ನೋಡಬೇಕು.

ಹೊರೆ ಹೇರುವ ಕ್ರಮ

ಈಗ ಒಂದು ಉದಾಹರಣೆ. ಟ್ರೈಲರಿನ ತೊಟ್ಟಿ 8 ಅಡಿ ಉದ್ದ. ಅಚ್ಚು ತೊಟ್ಟಿಯ ನಟ್ಟನಡುವೆ ಇದೆ. ಅಚ್ಚಿನಿಂದ ಮೂತಿಗೆ 10 ಅಡಿ. ಖಾಲಿ ಟ್ರೈಲರ್ 300 ಕಿಲೋ, ಅದರ ಮೂಕಿಭಾರ 20 ಕಿಲೋ. ಇದರಲ್ಲಿ 50 ಕಿಲೋದ 14 ಚೀಲ ಕಾಫಿ ಹೇರುತ್ತೇವೆ. ಒಟ್ಟು 1,000 ಕಿಲೋ ಆಯಿತು. ನಮಗೆ ಬೇಕಾದ ಮೂಕಿಭಾರ 100 ಕಿಲೋ.

ಅಚ್ಚಿನ ಮುಂದಿನ ಅರ್ಧದಲ್ಲಿಟ್ಟ ಚೀಲ ಸರಾಸರಿ 2 ಅಡಿ ಮುಂದಿರುತ್ತದೆ; ಅಂಥ ಒಂದೊಂದು ಚೀಲವೂ ಮೂಕಿಭಾರಕ್ಕೆ 50 × 2 ÷ 10, ಅಂದರೆ 10 ಕಿಲೋ ಕೂಡಿಸುತ್ತದೆ. ಹಿಂದಿನ ಅರ್ಧದ ಒಂದೊಂದು ಚೀಲವೂ 10 ಕಿಲೋ ಕಳೆಯುತ್ತದೆ. ಹೀಗಿರುವಾಗ,

ಮುಂದೆ 7, ಹಿಂದೆ 7 ಚೀಲ ಇಟ್ಟರೆ ಮೂಕಿಭಾರ 20 ಕಿಲೋ. ಸಾಲದು.

ಮುಂದೆ 11, ಹಿಂದೆ 3 ಚೀಲ ಇಟ್ಟರೆ 20 + 110 − 30, ಅಂದರೆ 100 ಕಿಲೋ. ಸರಿ.

ಮುಂದೆ 3, ಹಿಂದೆ 11 ಚೀಲ ಇಟ್ಟರೆ 20 + 30 − 110. ಮೂಕಿಭಾರ ಇಲ್ಲವೇ ಇಲ್ಲ. ಬದಲಿಗೆ ಕೊಂಡಿಯನ್ನು 60 ಕಿಲೋ ಮೇಲಕ್ಕೆತ್ತುತ್ತದೆ.

ಅದೇ ಟ್ರೈಲರ್, ಅದೇ 14 ಚೀಲ. ಜಾಗ ಬದಲಾದದ್ದರಿಂದ 160 ಕಿಲೋ ವ್ಯತ್ಯಾಸವಾಯಿತು. ನಮ್ಮ ತೋಟಗಳಲ್ಲಿ ಈ ಮೂರನೆಯ ಬಗೆ ಅಪರೂಪವಲ್ಲ. ಕೊಯ್ಲಿನ ಸಂಜೆ ಬ್ಲಾಕಿನಿಂದ ಬ್ಲಾಕಿಗೆ ನಿಲ್ಲಿಸುತ್ತಾ ಚೀಲ ಎತ್ತುವಾಗ ಹಿಂದಿನ ಬಾಗಿಲೇ ಕೈಗೆ ಸುಲಭ. ಎಲ್ಲರೂ ಅಲ್ಲಿಯೇ ಎಸೆಯುತ್ತಾರೆ. ಹೊರೆ ಎತ್ತುವವರಲ್ಲಿ ಒಬ್ಬರು ಟ್ರೈಲರಿನ ಒಳಗೆ ನಿಂತು ಚೀಲಗಳನ್ನು ಮುಂದಿನಿಂದ ಜೋಡಿಸುತ್ತಾ ಬರುವಂತೆ, ಗಾಡಿ ಹೊರಡುವ ಮುನ್ನ ಕೆಳಗಿಳಿಯುವಂತೆ ಕಟ್ಟಪ್ಪಣೆ ಮಾಡಬೇಕು.

ಮುಂದೆ ಅರವತ್ತು ಪಾಲು, ಹಿಂದೆ ನಲವತ್ತು ಪಾಲು ಎಂಬ ಸೂತ್ರವನ್ನು ಕೆಲವರು ಕೇಳಿರಬಹುದು. ಅಚ್ಚನ್ನು ತೊಟ್ಟಿಯ ನಡುವಿಗಿಂತ ಸ್ವಲ್ಪ ಹಿಂದೆ ಕೂರಿಸಿರುವ ಟ್ರೈಲರಿಗೆ ಅದು ಹೊಂದುತ್ತದೆ. ಮೇಲೆ ಹೇಳಿದಂತೆ ಅಚ್ಚು ನಟ್ಟನಡುವೆ ಇದ್ದರೆ ಆ ಸೂತ್ರದಿಂದ ಸಿಗುವುದು 48 ಕಿಲೋ ಮಾತ್ರ, ಬೇಕಾದದ್ದರ ಅರ್ಧ. ಹೊಸದಾಗಿ ಟ್ರೈಲರ್ ಮಾಡಿಸುವವರು ಈ ವಿಷಯವನ್ನು ಮೊದಲೇ ಮಾತನಾಡಿಕೊಳ್ಳುವುದು ಒಳ್ಳೆಯದು. ಅಚ್ಚನ್ನು ನಡುವಿನಿಂದ 1 ಅಡಿ ಹಿಂದಕ್ಕೆ ಕೂರಿಸಿದರೆ, ಸಮನಾಗಿ ಹರಡಿ ಹೇರಿದ ಅದೇ 700 ಕಿಲೋ ಹೊರೆಯಿಂದಲೇ 60 ಕಿಲೋಗೂ ಹೆಚ್ಚು ಮೂಕಿಭಾರ ತಾನಾಗಿ ಬರುತ್ತದೆ. ಖಾಲಿ ಟ್ರೈಲರಿನದು ಅದರ ಮೇಲೆ.

ಮರದ ದಿಮ್ಮಿ ಹೇರುವಾಗ ವಿಶೇಷ ಎಚ್ಚರ ಅವಶ್ಯ. 12 ಅಡಿಯ ಸಿಲ್ವರ್ ಓಕ್ ದಿಮ್ಮಿಗಳನ್ನು ಇದೇ 8 ಅಡಿಯ ತೊಟ್ಟಿಯ ಮುಂದಿನ ಹಲಗೆಗೆ ತಾಗಿಸಿ ಹೇರಿದರೂ ಅವುಗಳ ನಡುಭಾಗ ಅಚ್ಚಿಗಿಂತ 2 ಅಡಿ ಹಿಂದೆ ಬೀಳುತ್ತದೆ. 500 ಕಿಲೋ ದಿಮ್ಮಿ ಇದ್ದರೆ ಕೊಂಡಿಯನ್ನು 100 ಕಿಲೋ ಎತ್ತುತ್ತದೆ. ಖಾಲಿ ಟ್ರೈಲರಿನ 20 ಕಿಲೋ ಕಳೆದರೂ 80 ಕಿಲೋ ಎತ್ತುವಿಕೆ ಉಳಿಯುತ್ತದೆ. ಇಂಥ ಮರವನ್ನು ತುಂಡುಮಾಡಿ ಹೇರಬೇಕು, ಇಲ್ಲವೇ ಲಾರಿಗೆ ಬಿಡಬೇಕು.

ನೀರು ಮತ್ತು ಬೋರ್ಡೋ ದ್ರಾವಣದ ವಿಷಯವೂ ಹೀಗೆಯೇ. ಅರ್ಧ ತುಂಬಿದ ದೊಡ್ಡ ಟ್ಯಾಂಕಿನಲ್ಲಿ ನೀರು ಏರಿನಲ್ಲಿ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಹರಿಯುತ್ತದೆ. ಮೂಕಿಭಾರ ದಾರಿಯುದ್ದಕ್ಕೂ ಬದಲಾಗುತ್ತದೆ. ಒಂದೇ ದೊಡ್ಡ ಟ್ಯಾಂಕಿನ ಬದಲು 200 ಲೀಟರಿನ ಡ್ರಮ್ಮುಗಳನ್ನು ಪೂರ್ತಿ ತುಂಬಿ, ಮುಚ್ಚಿ, ಅಲುಗದಂತೆ ಕಟ್ಟಿ ಸಾಗಿಸುವುದು ಸುರಕ್ಷಿತ. ಒಂದು ಡ್ರಮ್ಮಿನ ನೀರೇ 200 ಕಿಲೋ ತೂಗುತ್ತದೆ ಎಂಬುದನ್ನು ಮರೆಯಬಾರದು.

ಕೊಂಡಿ ಬಿಚ್ಚಿದ ಟ್ರೈಲರಿಗೆ ಹೊರೆ ಹೇರುವುದು, ಹೊರೆ ಇರುವಾಗ ಕೊಂಡಿ ಬಿಚ್ಚುವುದು ಎರಡೂ ಅಪಾಯ. ಹಿಂಭಾರವಾಗಿದ್ದ ಪಕ್ಷದಲ್ಲಿ ಮೂತಿ ಚಿಮ್ಮಿ ಎದ್ದು ಎದುರಿಗೆ ಬಗ್ಗಿ ನಿಂತವರ ಮುಖಕ್ಕೇ ಬಡಿಯುತ್ತದೆ. ಬಿಚ್ಚಲೇಬೇಕಾದರೆ ಚಕ್ರಕ್ಕೆ ಕಲ್ಲು, ಮೂತಿಗೂ ಹಿಂಬದಿಗೂ ಊರೆ ಕೊಟ್ಟ ಮೇಲೆಯೇ ಬಿಚ್ಚಬೇಕು.

ಪಿಕಪ್ಪಿನ ಮೇಲಿನ ಹೊರೆ

ಮೂಕಿಭಾರವೂ ಪಿಕಪ್ಪಿನ ಹೊರೆಯೇ. ಆರ್.ಸಿ. ಪುಸ್ತಕದಲ್ಲಿ ನಮೂದಿಸಿದ ಒಟ್ಟು ತೂಕದ ಮಿತಿಯೊಳಗೆ ಚಾಲಕ, ಜೊತೆಯವರು, ಪಿಕಪ್ಪಿನ ಸರಕು ಎಲ್ಲದರ ಜೊತೆಗೆ ಅದೂ ಸೇರಬೇಕು. ಪಿಕಪ್ಪನ್ನು ಪೂರ್ತಿ ತುಂಬಿಸಿ, ಮೇಲೆ ಟ್ರೈಲರ್ ಕಟ್ಟುವುದೆಂದರೆ ಮಿತಿ ಮೀರಿದಂತೆಯೇ.

ಪಿಕಪ್ಪಿನಲ್ಲಿ ಸರಕು ಇಡುವ ಜಾಗವನ್ನು ಸರಿಯಾಗಿ ಆರಿಸಿದರೆ ಕಾಸು ಖರ್ಚಿಲ್ಲದೆ ಮುಂದಿನ ಚಕ್ರಗಳಿಗೆ ಭಾರ ಮರಳಿಸಬಹುದು. ಮೊದಲಿನ ಉದಾಹರಣೆಯ ಪಿಕಪ್ಪಿನಲ್ಲಿ 500 ಕಿಲೋ ಗೊಬ್ಬರವನ್ನು ಕ್ಯಾಬಿನ್ನಿಗೆ ತಾಗಿಸಿ, ಹಿಂದಿನ ಅಚ್ಚಿಗಿಂತ 2 ಅಡಿ ಮುಂದೆ ಇಟ್ಟೆವೆನ್ನಿ. ಅದರಲ್ಲಿ 100 ಕಿಲೋ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಮೂಕಿಭಾರದಿಂದ ಕಳೆದದ್ದು 40. ಕೊನೆಗೆ ಮುಂದೆ 60 ಕಿಲೋ ಲಾಭ. ಅದೇ ಗೊಬ್ಬರವನ್ನು ಇಳಿಸಲು ಸುಲಭವೆಂದು ಹಿಂದಿನ ಅಚ್ಚಿಗಿಂತ 1 ಅಡಿ ಹಿಂದೆ ಇಟ್ಟರೆ ಅದರಿಂದಲೇ 50 ಕಿಲೋ, ಮೂಕಿಭಾರದಿಂದ 40 ಕಿಲೋ, ಒಟ್ಟು 90 ಕಿಲೋ ಮುಂದೆ ನಷ್ಟ. ಟ್ರೈಲರ್ ಕಟ್ಟಿದ ದಿನ ಪಿಕಪ್ಪಿನ ತೊಟ್ಟಿಯ ಹಿಂಭಾಗ ಖಾಲಿ ಇರಬೇಕೆಂಬುದು ಇದರ ಸಾರ.

ಕೊಂಡಿಯ ಎತ್ತರ ಮತ್ತು ಉದ್ದ

ಟ್ರೈಲರ್ ಕಟ್ಟಿ ನಿಂತಾಗ ಅದರ ತೊಟ್ಟಿ ಮಟ್ಟವಾಗಿರಬೇಕು. ಮೂತಿ ಒಂದಿಷ್ಟು ತಗ್ಗಿದ್ದರೂ ಚಿಂತೆಯಿಲ್ಲ, ಎದ್ದಿರಕೂಡದು. ಗಾರೆಯವರ ರಸಮಟ್ಟವನ್ನು ತೊಟ್ಟಿಯ ಅಂಚಿನ ಮೇಲಿಟ್ಟು ನೋಡಬಹುದು.

ಕೊಂಡಿ ಹಿಂದಿನ ಅಚ್ಚಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ತಿರುವಿನಲ್ಲಿ ಟ್ರೈಲರ್ ತಾಗದಿರಲೆಂದು ಕೊಂಡಿಯ ಪಟ್ಟಿಯನ್ನು ಒಂದಡಿ ಉದ್ದ ಮಾಡಿಸುವ ರೂಢಿಯಿದೆ. 4 ಅಡಿ ಇದ್ದದ್ದು 5 ಅಡಿ ಆದರೆ ಅದೇ 100 ಕಿಲೋ ಮೂಕಿಭಾರ ಮುಂದಿನ ಚಕ್ರಗಳಿಂದ 40ರ ಬದಲು 50 ಕಿಲೋ ಕಿತ್ತುಕೊಳ್ಳುತ್ತದೆ. ಟ್ರೈಲರ್ ಪಕ್ಕಕ್ಕೆಳೆದಾಗ ಪಿಕಪ್ಪಿನ ಹಿಂಬದಿಯನ್ನು ಎಳೆದಾಡುವ ಬಲವೂ ಹೆಚ್ಚುತ್ತದೆ. ಉದ್ದ ಬೇಕಾದರೆ ಟ್ರೈಲರಿನ ಮೂಕಿಯನ್ನೇ ಉದ್ದ ಮಾಡಿಸಬೇಕು. ಕೊಂಡಿಯನ್ನು ಚಾಸಿಗೆ ಬೋಲ್ಟಿನಿಂದ ಬಿಗಿಸಿರಬೇಕು, ಬಂಪರಿಗೆ ಬೆಸುಗೆ ಹಾಕಿರಬಾರದು. ಪಿನ್ನಿಗೆ ಲಾಕು, ಜೊತೆಗೆ ಕತ್ತರಿಯಾಕಾರದಲ್ಲಿ ಹಾಕಿದ ಎರಡು ಸರಪಳಿ ಕಡ್ಡಾಯವೆಂದೇ ತಿಳಿಯಬೇಕು.

ಜೀಪು ಇಟ್ಟುಕೊಂಡಿರುವ ಸದಸ್ಯರಿಗೆ ಒಂದು ಮಾತು. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಅಚ್ಚುಗಳ ಅಂತರ 80 ಇಂಚು, ಗಾಡಿಯ ತೂಕ ಸುಮಾರು 1,100 ಕಿಲೋ. ಅಮೆರಿಕದ ಸೈನ್ಯ ಆ ಜೀಪಿಗೆಂದು ಮಾಡಿಸಿದ ಟ್ರೈಲರಿನ ಹೊರೆ ಅಲ್ಲಿಯ ಕಾಲು ಟನ್ನು, ಅಂದರೆ 500 ಪೌಂಡು. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಚೀಲ. ಅಂಥ ಗಿಡ್ಡ ಜೀಪಿನ ಹಿಂದೆ ಇಪ್ಪತ್ತು ಚೀಲ ಕಟ್ಟುವ ಮುನ್ನ ಈ ಅಂಕಿಯನ್ನು ನೆನೆಯಬೇಕು.

ಪ್ಲೇಟು, ಶಾಕ್ ಅಬ್ಸಾರ್ಬರು, ಟೈರು

ಭಾರ ಮತ್ತು ಜಾಗ ಸರಿಪಡಿಸಿದ ಮೇಲೂ ಹಿಂಬದಿ ಅತಿಯಾಗಿ ಕೂರುತ್ತಿದ್ದರೆ ಆಗ ಸ್ಪ್ರಿಂಗನ್ನು ನೋಡಬೇಕು. ಮುರಿದ ಅಥವಾ ಕಮಾನು ಕಳೆದುಕೊಂಡ ಪ್ಲೇಟು, ಸವೆದ ಬುಶ್ಶು, ಸಡಿಲವಾದ ಯು-ಬೋಲ್ಟು ಇವನ್ನು ಬದಲಿಸಿ ಮೂಲಸ್ಥಿತಿಗೆ ತರುವುದು ಮೊದಲ ಕೆಲಸ. ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರು ಗಾಡಿಯನ್ನು ಕೂರಿಸುವುದಿಲ್ಲ, ಆದರೆ ಉಯ್ಯಾಲೆಯಾಡಿಸುತ್ತದೆ, ಅದನ್ನೂ ಬದಲಿಸಬೇಕು.

ಹೆಚ್ಚಿನ ಪ್ಲೇಟು, ಗಾಳಿಚೀಲದ ಸ್ಪ್ರಿಂಗು ಮುಂತಾದವು ಗಾಡಿಯ ಮಟ್ಟವನ್ನು ಸುಧಾರಿಸುತ್ತವೆ. ಅಚ್ಚು, ಬೇರಿಂಗು, ಟೈರು, ಬ್ರೇಕುಗಳ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಖಾಲಿ ಓಡುವಾಗ ಹಿಂಬದಿ ಕುಪ್ಪಳಿಸಿ ಮಳೆಗಾಲದ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಕೆಲವು ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಸರಳಿನಿಂದ ಜೋಡಿಸಿದ ಒಂದು ವಾಲ್ವು ಇರುತ್ತದೆ. ಹೊರೆಯಿಂದ ಹಿಂಬದಿ ಇಳಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಪ್ಲೇಟು ಸೇರಿಸಿ ಹಿಂಬದಿಯನ್ನು ಎತ್ತಿ ಹಿಡಿದರೆ, ಗಾಡಿ ಖಾಲಿಯಿದೆಯೆಂಬಂತೆ ಆ ವಾಲ್ವು ವರ್ತಿಸಿ ಹಿಂದಿನ ಬ್ರೇಕನ್ನು ತಗ್ಗಿಸುತ್ತದೆ. ಪ್ಲೇಟು ಸೇರಿಸಲೇಬೇಕಾದರೆ ಈ ವಾಲ್ವನ್ನು ತಿಳಿದವರಿಂದ ಮತ್ತೆ ಹೊಂದಿಸಬೇಕು.

ಕೊಂಡಿಗೆ ಎರಡು ಸ್ಪ್ರಿಂಗ್ ಸರಳುಗಳನ್ನು ಕೂಡಿಸಿ ಭಾರವನ್ನು ನಿಜವಾಗಿಯೂ ಮುಂದಿನ ಅಚ್ಚಿಗೆ ದಾಟಿಸುವ ಒಂದು ಬಗೆಯ ಕೊಂಡಿ ಅಮೆರಿಕದಲ್ಲಿ ಬಳಕೆಯಲ್ಲಿದೆ. ಸಮನಾದ ಹೆದ್ದಾರಿಗೆ ಅದು ಒಳ್ಳೆಯ ಸಾಧನ. ಹೊಂಡ, ದಿಬ್ಬ, ಕಡಿದಾದ ಏರು ಇರುವ ತೋಟದ ದಾರಿಯಲ್ಲಿ ಆ ಸರಳುಗಳ ಮೇಲೂ ಚಾಸಿಯ ಮೇಲೂ ವಿಪರೀತ ಒತ್ತಡ ಬೀಳುವುದರಿಂದ ನಮಗೆ ಅದು ತಕ್ಕದ್ದಲ್ಲ.

ಟೈರಿನ ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕ ಮೆತ್ತಗಾಗಿ ಓಲಾಟ ಹೆಚ್ಚುತ್ತದೆ. ಹೊರೆಗೆಂದು ಕಂಪನಿ ನಮೂದಿಸಿದ ಗಾಳಿಯನ್ನು, ಟೈರು ತಣ್ಣಗಿರುವಾಗ, ಎರಡೂ ಪಕ್ಕಕ್ಕೆ ಸಮನಾಗಿ ತುಂಬಿಸಬೇಕು. ಪಿಕಪ್ಪಿನಿಂದ ತೆಗೆದು ಬಿಸಾಡಬೇಕಾದ ಟೈರನ್ನು ಟ್ರೈಲರಿಗೆ ಹಾಕುವುದು ಉಳಿತಾಯವಲ್ಲ.

ಬ್ರೇಕು ಮತ್ತು ಘಾಟಿ

ನಮ್ಮ ಭಾಗದ ಟ್ರೈಲರುಗಳಲ್ಲಿ ಬ್ರೇಕ್ ಇಲ್ಲದವೇ ಹೆಚ್ಚು. ಅಂಥ ಟ್ರೈಲರಿನ ಪೂರ್ತಿ ಭಾರವನ್ನು ಪಿಕಪ್ಪಿನ ಬ್ರೇಕೇ ತಡೆಯಬೇಕು. ಯುರೋಪಿನಲ್ಲಿ ಒಟ್ಟು 750 ಕಿಲೋ ಮೀರಿದ ಟ್ರೈಲರಿಗೆ ತನ್ನದೇ ಬ್ರೇಕ್ ಇರಬೇಕೆಂಬ ನಿಯಮವಿದೆ. ಚಾರ್ಮಾಡಿ, ಶಿರಾಡಿ, ಸಂಪಾಜೆ, ಆಗುಂಬೆಯ ಇಳಿಜಾರು ನೋಡಿದ ನಮಗೆ ಅದಕ್ಕಿಂತ ಸಡಿಲವಾದ ನಿಯಮ ಒಪ್ಪುವುದಿಲ್ಲ. ಟ್ರೈಲರ್ ತಾನೇ ಮುಂದಕ್ಕೆ ಒತ್ತಿದಾಗ ಆ ಒತ್ತುವಿಕೆಯಿಂದಲೇ ತನ್ನ ಬ್ರೇಕು ಹಿಡಿಯುವ ವ್ಯವಸ್ಥೆಯುಳ್ಳ ಮೂತಿಗಳಿವೆ. ಹೊಸದು ಮಾಡಿಸುವವರು ಅದನ್ನು ವಿಚಾರಿಸಬೇಕು. ಬ್ರೇಕಿಲ್ಲದ ಟ್ರೈಲರಿನಲ್ಲಿ ಎರಡು ಸಲ ಹೋಗಿಬರುವುದು ಒಂದೇ ಸಲ ಎಲ್ಲವನ್ನೂ ಹೇರುವುದಕ್ಕಿಂತ ಅಗ್ಗ.

ಇಳಿಯುವಾಗ ಏರುವ ಗೇರಿನಲ್ಲಿಯೇ, ಇಳಿಜಾರು ಶುರುವಾಗುವ ಮುನ್ನವೇ ಗೇರು ಇಳಿಸಿಕೊಂಡು ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಬಿಡುವುದು, ಇಂಜಿನ್ ಆರಿಸುವುದು ಪ್ರಾಣಕ್ಕೆ ಎರವು. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ನೆರವೂ ನಿಲ್ಲುತ್ತದೆ. ಸತತ ಬ್ರೇಕಿನಿಂದ ಕಾದ ಲೈನಿಂಗು ಹಿಡಿಯುವುದಿಲ್ಲ. ತಿರುವಿಗೆ ಮೊದಲೇ ನೇರ ದಾರಿಯಲ್ಲಿ ವೇಗ ತಗ್ಗಿಸಬೇಕು. ತಿರುವಿನೊಳಗೆ ಬ್ರೇಕು ಒತ್ತಿದರೆ ಟ್ರೈಲರ್ ಹಿಂದಿನಿಂದ ತಳ್ಳಿ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ವೇಗ ಎರಡರಷ್ಟಾದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ.

ಟ್ರೈಲರ್ ಓಲಾಡತೊಡಗಿದರೆ ಸ್ಟೇರಿಂಗನ್ನು ನೇರವಾಗಿ ಗಟ್ಟಿಯಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಎದುರುಬದುರಾಗಿ ಸ್ಟೇರಿಂಗ್ ತಿರುಗಿಸುವುದಾಗಲಿ, ಒಮ್ಮೆಲೇ ಬ್ರೇಕು ಒತ್ತುವುದಾಗಲಿ, ವೇಗ ಹೆಚ್ಚಿಸಿ ನೇರ ಮಾಡಲು ಹೋಗುವುದಾಗಲಿ ಕೂಡದು. ಓಲಾಟ ನಿಂತ ಮೇಲೆ ಗಾಡಿ ನಿಲ್ಲಿಸಿ, ಹಿಂದಿನ ಚೀಲಗಳನ್ನು ಮುಂದಕ್ಕೆ ತಂದು, ಆ ಬಳಿಕವೇ ಹೊರಡಬೇಕು.

ಜನರ ವಿಷಯ

ಕೊಯ್ಲಿನ ದಿನಗಳಲ್ಲಿ ಬೆಳಗ್ಗೆ ಕಾರ್ಮಿಕರನ್ನು ಟ್ರೈಲರಿನಲ್ಲಿ ಕರೆತರುವುದು, ಸಂಜೆ ಚೀಲಗಳ ಮೇಲೆ ಕೂರಿಸಿಕೊಂಡು ಹೋಗುವುದು ಇನ್ನೂ ನಿಂತಿಲ್ಲ. ಜನ ಸುಮ್ಮನಿರುವ ಹೊರೆಯಲ್ಲ. ಗಾಳಿಗೆ, ಮಾತಿಗೆ ಹಿಂದಿನ ಬಾಗಿಲ ಬಳಿ ಐದಾರು ಮಂದಿ ಸೇರಿದರೆ ನಾವು ತೂಗಿ ಹೇರಿದ ಮೂಕಿಭಾರವೆಲ್ಲ ಅಲ್ಲಿಗೆ ಮುಗಿಯಿತು. ಟ್ರೈಲರ್ ಮಗುಚಿದರೆ ಮೊದಲು ಸಿಕ್ಕಿಬೀಳುವವರೂ ಅವರೇ. ನಮ್ಮ ಮನೆಯ ಮಕ್ಕಳನ್ನು ಆ ಚೀಲಗಳ ಮೇಲೆ ಕೂರಿಸಲು ಒಪ್ಪದ ನಾವು ಅವರ ಮನೆಯ ತಾಯಂದಿರನ್ನು ಕೂರಿಸುವುದು ಸರಿಯಲ್ಲ. ಈ ವಿಷಯದಲ್ಲಿ ಸದಸ್ಯರಲ್ಲಿ ನಮ್ಮದು ಕಳಕಳಿಯ ವಿನಂತಿ.

1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೈಲರ್ ಸಹ ಮೋಟಾರು ವಾಹನವೇ. ಆದುದರಿಂದ ಅದಕ್ಕೆ ನೋಂದಣಿ ಬೇಕು. ವಿಮಾ ಪಾಲಿಸಿಯಲ್ಲಿ ಟ್ರೈಲರ್ ಸೇರಿದೆಯೇ ಎಂಬುದನ್ನು ಇಂದೇ ತೆರೆದು ನೋಡುವುದು ಒಳಿತು. ಅಪಘಾತವಾದ ಮೇಲೆ ನೋಡಿ ಪ್ರಯೋಜನವಿಲ್ಲ.

ಹೊರಡುವ ಮುನ್ನ

ಶೆಡ್ಡಿನ ಗೋಡೆಗೆ ಅಂಟಿಸಲು ಅನುಕೂಲವಾಗುವಂತೆ ಸಾರಾಂಶ:

1. ಒಟ್ಟು ತೂಕ ಮಿತಿಯೊಳಗಿದೆಯೇ?
2. ಮೂಕಿಭಾರ ಟ್ರೈಲರಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲು ಇದೆಯೇ?
3. ಟ್ರೈಲರಿನಲ್ಲಿ ಭಾರ ಅಚ್ಚಿನ ಮುಂದೆ, ಪಿಕಪ್ಪಿನಲ್ಲಿ ಭಾರ ಕ್ಯಾಬಿನ್ನಿನ ಬಳಿ ಇದೆಯೇ?
4. ಮುಂದಿನ ಮಡ್‌ಗಾರ್ಡಿನ ಅಳತೆ ಬರೆದಿಟ್ಟದ್ದಕ್ಕೆ ಹೊಂದುತ್ತದೆಯೇ?
5. ಟ್ರೈಲರ್ ಮಟ್ಟವಾಗಿ ನಿಂತಿದೆಯೇ?
6. ಪಿನ್ನು, ಲಾಕು, ಸರಪಳಿ, ಹಿಂದಿನ ದೀಪ, ಕೆಂಪು ಪ್ರತಿಫಲಕ ಸರಿಯಿವೆಯೇ?
7. ಟೈರಿನ ಗಾಳಿ ನೋಡಿದ್ದಾಯಿತೇ?
8. ಟ್ರೈಲರಿನ ಮೇಲೆ ಯಾರೂ ಇಲ್ಲವಷ್ಟೆ?

ಈ ಲೇಖನವನ್ನು ಸದಸ್ಯರು ಓದಿದರೆ ಸಾಲದು. ಗಾಡಿ ಓಡಿಸುವವರಿಗೂ ಚೀಲ ಎತ್ತುವವರಿಗೂ ಓದಿ ಹೇಳಬೇಕು. ಮೂಕಿಭಾರ ನಿರ್ಧಾರವಾಗುವುದು ಅವರ ಕೈಯಲ್ಲಿ. ಸಂಘದ ಗೋದಾಮಿನ ತೂಕದ ಯಂತ್ರವನ್ನು ಕೆಲಸದ ವೇಳೆಯಲ್ಲಿ ಇದಕ್ಕಾಗಿ ಧಾರಾಳವಾಗಿ ಬಳಸಿಕೊಳ್ಳಬಹುದು. ಟ್ರೈಲರ್ ತಂದು ತೂಗಿಸಿಕೊಂಡವರು ತಮ್ಮ ಗಾಡಿಯ ಅಳತೆಗಳನ್ನು ಕಚೇರಿಗೆ ತಿಳಿಸಿದರೆ ಅಚ್ಚಿನ ಜಾಗ, ಚೀಲದ ಹಂಚಿಕೆಯ ಲೆಕ್ಕವನ್ನು ಮಾಡಿಕೊಡುತ್ತೇವೆ.

ಕಾರ್ಯದರ್ಶಿ